ಇಗರ್ಜಿಯ ಚಾವಿ

ಅಂಕೋಲೆ ಅಂದ ತಕ್ಷಣ ನಿಮಗೆ ಏನೇನು ನೆನಪಾಗುತ್ತದೆ? ಉಪ್ಪಿನ ಸತ್ಯಾಗ್ರಹ, ದಿನಕರ ದೇಸಾಯಿ, ಕರಿ ಈಶಾಡು ಮಾವಿನಹಣ್ಣು, ಬಂಡಿಹಬ್ಬ, ಹಾಲಕ್ಕಿಗಳ ಸುಗ್ಗಿ ಕುಣಿತ... ಸುಕ್ರಿ ಬೊಮ್ಮಗೌಡರು, ತುಳಸಿ ಗೌಡರು. ಪಟ್ಟಿ ಎಷ್ಟೇ ಉದ್ದವಾದರೂ ಅದರಲ್ಲಿ ಇಗರ್ಜಿ ಬರುವುದಿಲ್ಲ. ಬರಬೇಕು ಅನ್ನುವ ತಕರಾರೂ ನನಗಿಲ್ಲ. ನಾವಿರುವುದೇ ಬೆರಳೆಣಿಕೆಯಷ್ಟು ಮನೆ. ಆದರೆ ಅಷ್ಟೇ ಜನ ಸೇರಿ ಒಂದು ಇಗರ್ಜಿಯನ್ನು ಹೇಗೆ ನಡೆಸುತ್ತಾರೆ, ಅದು ನಿಂತುಹೋಗದ ಹಾಗೆ ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದು ಎರಡು-ಮೂರು ವರ್ಷದಿಂದ ನನ್ನ ತಲೆಯಲ್ಲಿ ಕೂತಿರುವ ವಿಷಯ. ಇವತ್ತು ಬರೆದೇಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಚಹಾ ಹಿಡಿದುಕೊಂಡೇ ಓದಿ :-)

ಇಗರ್ಜಿ ಅಂದರೆ ಚರ್ಚು. ಪೋರ್ಚುಗೀಸರ 'ಇಗ್ರೇಜಾ' ನಮ್ಮ ಕೊಂಕಣಿಯ ಬಾಯಲ್ಲಿ ಸವೆದು ಹೀಗಾಗಿದೆ. ನಮ್ಮ ಹಿರಿಯರು ಗೋವಾದಿಂದ ಕೆಳಗಿಳಿದು ಬಂದವರು. 1678ರಲ್ಲಿ ಕೆಳದಿಯ ಅರಸರು ಪೋರ್ಚುಗೀಸರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನ, ಹೊನ್ನಾವರ, ಚಂದಾವರ, ಭಟ್ಕಳಗಳಲ್ಲಿ ಇಗರ್ಜಿ ಕಟ್ಟಲು ಒಪ್ಪಿಗೆ ಸಿಕ್ಕಿತ್ತು. ಅಂದರೆ ಈ ಕರಾವಳಿಯಲ್ಲಿ ನಾವು ನಿನ್ನೆ ಮೊನ್ನೆ ಬಂದವರಲ್ಲ. 1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಕಾರವಾರ ಧರ್ಮಪ್ರಾಂತ್ಯ ಹುಟ್ಟಿತು. ಇಡೀ ಉತ್ತರ ಕನ್ನಡ ಜಿಲ್ಲೆ, ಅಂದರೆ ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ಜಾಗ, ಒಬ್ಬ ಬಿಷಪ್ಪರ ಅಡಿಯಲ್ಲಿ. ಒಂದು ತುದಿಯಲ್ಲಿ ನಮ್ಮ ಹಾಗೆ ಸಮುದ್ರದ ದಡದವರು, ಇನ್ನೊಂದು ತುದಿಯಲ್ಲಿ ಹಳಿಯಾಳ, ಯಲ್ಲಾಪುರ ಕಾಡಿನ ಸಿದ್ದಿ ಕ್ರೈಸ್ತರು. ಜಾಗ ದೊಡ್ಡದು, ಜನ ಕಡಿಮೆ, ಫಾದರುಗಳು ಇನ್ನೂ ಕಡಿಮೆ.

ನಮ್ಮದು ಅಂಕೋಲಾ ತಾಲೂಕಿನ ಒಂದು ಚಿಕ್ಕ ಇಗರ್ಜಿ. ಹೆಸರು ಬರೆಯುವುದಿಲ್ಲ, ಈ ಬರಹದಲ್ಲಿ ಬರುವವರಿಗೆ ಅದು ಇಷ್ಟವಾಗುವುದಿಲ್ಲ. ನಲವತ್ತೊಂದು ಮನೆ. ಟೆಂಪೋ ಓಡಿಸುವವರು, ಗಾರೆ ಕೆಲಸದವರು, ಹೊಲಿಗೆಯವರು, ಗಲ್ಫಿನಿಂದ ವಾಪಸಾದವರು, ಸೀಬರ್ಡ್ ನೌಕಾನೆಲೆಗಾಗಿ ಮನೆ-ಜಮೀನು ಬಿಟ್ಟು ಬಂದ ಮೂರು ಕುಟುಂಬಗಳು. ನನ್ನ ವಯಸ್ಸಿನವರು ಹೆಚ್ಚಿನವರು ಗೋವಾ, ಬೆಂಗಳೂರು, ದುಬೈ ಅಂತ ಚೆದುರಿದ್ದಾರೆ. ಫಾದರ್ ನಮ್ಮಲ್ಲೇ ಉಳಿಯುವವರಲ್ಲ. ಬೇರೆ ಕಡೆಯ ಪೂಜೆ ಮುಗಿಸಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಂದು, ಹತ್ತಕ್ಕೆ ಹೊರಟುಬಿಡುತ್ತಾರೆ. ವಾರದ ಉಳಿದ ನೂರಾ ಅರವತ್ತಾರು ಗಂಟೆ?

ಆ ನೂರಾ ಅರವತ್ತಾರು ಗಂಟೆಯ ಹೆಸರೇ ಅಕ್ಕೋರು.

ನಮ್ಮ ಕಡೆ ಶಾಲೆಯ ಟೀಚರನ್ನು ಅಕ್ಕೋರು ಅನ್ನುತ್ತೇವೆ. ಇವರು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಈಗ ಎಪ್ಪತ್ತಾರು ವರ್ಷ. ಇಗರ್ಜಿಯ ಚಾವಿ ಅವರ ಸೆರಗಿನ ಗಂಟಿನಲ್ಲಿ. ಬೆಳಿಗ್ಗೆ ಬಾಗಿಲು ತೆಗೆಯುವುದು, ಗಂಟೆ ಬಾರಿಸುವುದು, ಪೀಠಕ್ಕೆ ಆ ಕಾಲದ ಬಣ್ಣದ ಬಟ್ಟೆ ಹಾಸುವುದು, ವಾಚನದ ಪುಸ್ತಕದಲ್ಲಿ ಆ ದಿನದ ಪುಟಕ್ಕೆ ರಿಬ್ಬನ್ ಇಡುವುದು, ಹಾಡಿನವರಿಗೆ ಹಾರ್ಮೋನಿಯಂನಲ್ಲಿ ಶ್ರುತಿ ಕೊಡುವುದು, ಮಕ್ಕಳಿಗೆ ಧರ್ಮೋಪದೇಶ, ಕಾಯಿಲೆಯವರ ಮನೆಗೆ ಭೇಟಿ, ಯಾರಾದರೂ ತೀರಿಕೊಂಡರೆ ತೇರ್ಸ್ ಶುರು ಮಾಡಿಸುವುದು (ಜಪಸರದ ಪ್ರಾರ್ಥನೆ), ಮೇ ತಿಂಗಳಲ್ಲಿ ಶಿಲುಬೆಗಳ ಮುಂದೆ ಲಾದಿನ್, ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ಹೊಸ ತೆನೆ ಎಲ್ಲಿಂದ ಬರಬೇಕು ಅನ್ನುವುದೂ ಅವರದೇ ತೀರ್ಮಾನ. ಎಲ್ಲವೂ ಅಚ್ಚುಕಟ್ಟು. ಊರಲ್ಲಿ ಎಲ್ಲರೂ "ಅಕ್ಕೋರು ಇದ್ದಾರಲ್ಲ" ಅನ್ನುತ್ತಿದ್ದರು. ಆ ಮಾತಿನಲ್ಲಿ ಗೌರವವೂ ಇತ್ತು, ಸೋಮಾರಿತನವೂ ಇತ್ತು.

2023ರಲ್ಲಿ ಕಂಪನಿಯವರು ಕೆಲವು ತಿಂಗಳು ಮನೆಯಿಂದಲೇ ಕೆಲಸ ಮಾಡಲು ಒಪ್ಪಿದ್ದರಿಂದ ನಾನು ಊರಲ್ಲಿದ್ದೆ. ನಮ್ಮ ಸಾಫ್ಟ್‌ವೇರ್ ಮಂದಿಯಲ್ಲಿ 'ಬಸ್ ಫ್ಯಾಕ್ಟರ್' ಅಂತ ಒಂದು ಮಾತಿದೆ. ತಂಡದಲ್ಲಿ ಎಷ್ಟು ಜನ ಬಸ್ಸಿನಡಿ ಸಿಕ್ಕರೆ ಪ್ರಾಜೆಕ್ಟ್ ನಿಂತುಹೋಗುತ್ತದೆ ಅನ್ನುವ ಲೆಕ್ಕ. ಕೇಳಲು ಅಪಶಕುನ, ಆದರೆ ಉಪಯೋಗದ್ದು. ಉತ್ತರ ಒಂದು ಅಂತ ಬಂದರೆ ಮ್ಯಾನೇಜರಿಗೆ ರಾತ್ರಿ ನಿದ್ದೆ ಬರಬಾರದು. ಆ ವರ್ಷ ಅಕ್ಕೋರಿಗೆ ಮಂಡಿನೋವು ಜೋರಾಗಿ, ಕಣ್ಣಿಗೆ ಪೊರೆಯೂ ಬಂದಿತ್ತು. ನಮ್ಮ ಇಗರ್ಜಿಯ ಬಸ್ ಫ್ಯಾಕ್ಟರ್ ಎಷ್ಟು ಅಂತ ಯಾರೂ ಲೆಕ್ಕ ಹಾಕಬೇಕಾಗಿರಲಿಲ್ಲ.

ಒಂದು ಸಂಜೆ ಇನ್ನೂರು ಪುಟದ ನೋಟ್‌ಬುಕ್ ಹಿಡಿದುಕೊಂಡು ಅವರ ಮನೆಗೆ ಹೋದೆ. "ಅಕ್ಕೋರೇ, ನೀವು ಏನೇನು ಮಾಡ್ತೀರಿ ಹೇಳಿ, ಬರ್ಕೊಳ್ತೇನೆ."

"ಎಂತಕ್ಕೆ ಪುತಾ?" ಅಂದರು. ಪುತಾ ಅಂದರೆ ಕೊಂಕಣಿಯಲ್ಲಿ ಮಗನೇ. "ನಾನು ಸತ್ತ ಮೇಲೆ ಓದೋದಕ್ಕಾ?"

"ನೀವಿರುವಾಗಲೇ ಓದೋದಕ್ಕೆ" ಅಂದೆ. ನಕ್ಕರು. ಹೇಳತೊಡಗಿದರು. ರಾತ್ರಿ ಒಂಬತ್ತರವರೆಗೆ ಬರೆದೆ. ಒಟ್ಟು ಮೂವತ್ತನಾಲ್ಕು ಕೆಲಸಗಳಾದವು. ಅದರಲ್ಲಿ ಇಪ್ಪತ್ತಾರು ಅವರೊಬ್ಬರದೇ. ಮೂರು ಫಾದರದು. ಉಳಿದ ಐದನ್ನು ನಲವತ್ತು ಮನೆಯವರು ಹಂಚಿಕೊಂಡಿದ್ದರು! ಪಟ್ಟಿ ನೋಡಿ ಅವರಿಗೇ ಆಶ್ಚರ್ಯ. "ಇಷ್ಟೆಲ್ಲ ಇದೆಯಾ?" ಅಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಮಾಡೋವ್ರು ಯಾರಿದ್ದಾರೆ ಹೇಳು?" ಅಂದರು.

ಆ ಪ್ರಶ್ನೆಯನ್ನೇ ಹಿಡಿದುಕೊಂಡು ಫಾದರ ಒಪ್ಪಿಗೆ ತೆಗೆದುಕೊಂಡು ಮನೆಮನೆಗೆ ಹೋದೆವು, ನಾನು ಮತ್ತು ಇಗರ್ಜಿ ಸಮಿತಿಯ ಒಬ್ಬ ಹಿರಿಯರು, ನಿವೃತ್ತ ಪೋಸ್ಟ್‌ಮನ್. ನಲವತ್ತೊಂದು ಮನೆಗಳಲ್ಲಿ ಪುರುಸೊತ್ತಿಲ್ಲ ಅಂದವರು ಮೂರೇ ಮನೆಯವರು. ಹೆಚ್ಚಿನ ಕಡೆ ಸಿಕ್ಕ ಉತ್ತರ ಒಂದೇ: "ನಮ್ಮನ್ನ ಯಾರು ಕೇಳಿದ್ರು?"

ಈ ಉತ್ತರವನ್ನು ನಾನು ಬಹಳ ದಿನ ಮೆಲುಕು ಹಾಕಿದ್ದೇನೆ. ಹಬ್ಬದ ಮುಂಚೆ ಅಂಗಳ ಗುಡಿಸಲು, ಚಪ್ಪರ ಹಾಕಲು ಎಲ್ಲರನ್ನೂ ಕರೆಯುತ್ತಿದ್ದರು, ಎಲ್ಲರೂ ಬರುತ್ತಿದ್ದರು. ಅದು ಸಹಾಯ. ಸಹಾಯಕ್ಕೆ ಕರೆದರೆ ಜನ ಒಂದು ದಿನ ಬರುತ್ತಾರೆ, ಊಟ ಮಾಡಿ ಹೋಗುತ್ತಾರೆ. ಜವಾಬ್ದಾರಿ ಬೇರೆ. "ಈ ಕೆಲಸ ನಿನ್ನದು, ಹೇಗೆ ಮಾಡ್ತೀಯೋ ನಿನಗೆ ಬಿಟ್ಟದ್ದು" ಅಂದರೆ ಮನುಷ್ಯ ಮಳೆಯಲ್ಲೂ ಬರುತ್ತಾನೆ, ಬರಲಾಗದಿದ್ದರೆ ತನ್ನ ಬದಲಿಗೆ ಒಬ್ಬನನ್ನು ಹುಡುಕಿ ಕಳಿಸುತ್ತಾನೆ. ಪೂಜೆಯ ಹೊತ್ತಿಗೆ ಹೊರಗೆ ಮಾವಿನ ಮರದ ಕೆಳಗೆ ಬೈಕಿಗೆ ಒರಗಿ ನಿಲ್ಲುವ ಹುಡುಗರ ಬಗ್ಗೆ ಹಿರಿಯರಿಗೆಲ್ಲ ಸಿಟ್ಟು. ಅವರಿಗೆ ಒಳಗೆ ಏನು ಕೆಲಸವಿತ್ತು, ಹೇಳಿ?

ಸಮಿತಿಯಲ್ಲಿ ಎರಡು ಭಾನುವಾರ ಮಾತಾಡಿ ನಾಲ್ಕು ನಿಯಮ ಮಾಡಿಕೊಂಡೆವು. ಪ್ರತಿ ಕೆಲಸಕ್ಕೂ ಎರಡು ಹೆಸರು, ಒಬ್ಬರು ಗೊತ್ತಿರುವವರು, ಒಬ್ಬರು ಕಲಿಯುವವರು. ಒಂದು ವಾರ ಬಿಟ್ಟು ಒಂದು ವಾರ ಕಲಿಯುವವರೇ ಮಾಡಬೇಕು, ಗೊತ್ತಿರುವವರು ಬೆಂಚಿನ ಮೇಲೆ ಕೂತು ಸುಮ್ಮನಿರಬೇಕು (ಇದೇ ಎಲ್ಲಕ್ಕಿಂತ ಕಷ್ಟದ್ದು). ಎರಡು ವರ್ಷಕ್ಕೊಮ್ಮೆ ಕೆಲಸ ಬದಲಾಗಬೇಕು. ಕಾಣಿಕೆ ಹಣವನ್ನು ಸಂಬಂಧಿಕರಲ್ಲದ ಇಬ್ಬರು ಕೂತು ಎಣಿಸಿ, ಅಲ್ಲೇ ಬೋರ್ಡಿನ ಮೇಲೆ ಬರೆಯಬೇಕು. ಪಟ್ಟಿ ಕಾಗದದ ಮೇಲೆ, ಬಾಗಿಲಿಗೆ ಅಂಟಿಸಿದ್ದು. ಕಂಪ್ಯೂಟರು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಬಾಗಿಲ ಮೇಲಿನ ಕಾಗದವನ್ನು ಅಜ್ಜಿಯರೂ ಓದುತ್ತಾರೆ, ಓದಿ ಟೀಕೆಯನ್ನೂ ಮಾಡುತ್ತಾರೆ.

ಫಾದರ್ ಇದಕ್ಕೆಲ್ಲ ಒಂದೇ ಮಾತು ಹೇಳಿದ್ದು. "ನಾನು ಕೆಲವು ವರ್ಷ ಇದ್ದು ವರ್ಗವಾಗಿ ಹೋಗುವವನು. ಇಗರ್ಜಿ ನಿಮ್ಮದು." ಇದು ಅವರ ಔದಾರ್ಯ ಮಾತ್ರ ಅಲ್ಲ, ಧರ್ಮಸಭೆಯ ಕಾಗದಪತ್ರಗಳಲ್ಲೂ ಇರುವಂಥದ್ದೇ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಸಾಮಾನ್ಯ ವಿಶ್ವಾಸಿಗಳ ಸೇವೆಯ ಬಗ್ಗೆಯೇ ಪ್ರತ್ಯೇಕ ದಾಖಲೆಯೊಂದನ್ನು ಹೊರಡಿಸಿತ್ತು. 1983ರ ಧರ್ಮಸಭೆಯ ಕಾನೂನಿನ ಪ್ರಕಾರ ಪ್ರತಿ ಪ್ಯಾರಿಷ್‌ನಲ್ಲಿ ಹಣಕಾಸು ಸಮಿತಿ ಇರಲೇಬೇಕು. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ವಾಚಕರ ಮತ್ತು ಪೀಠಸೇವಕರ ಅಧಿಕೃತ ಸ್ಥಾನಗಳನ್ನು ಹೆಂಗಸರಿಗೂ ತೆರೆದರು. ಅದೇ ಮೇ ತಿಂಗಳಲ್ಲಿ ಧರ್ಮೋಪದೇಶಕರ ಸೇವೆಗೂ ಅಧಿಕೃತ ಮಾನ್ಯತೆ ಬಂತು. ಇದನ್ನು ಅಕ್ಕೋರಿಗೆ ಹೇಳಿದಾಗ ಅವರು ಕನ್ನಡಕ ಮೇಲೆತ್ತಿ, "ನಾನು ನಲವತ್ತು ವರ್ಷದಿಂದ ಓದ್ತಾ ಇದ್ದೇನೆ, ಈಗ ಪರವಾನಗಿ ಬಂತಾ?" ಅಂದರು!

ಆದರೆ ಜಗಳ ಬಂದದ್ದೂ ಈ ಓದುವ ವಿಷಯಕ್ಕೇ. ವಾಚನದ ಪಟ್ಟಿಯಲ್ಲಿ ಟೆಂಪೋ ಓಡಿಸುವ ಒಬ್ಬರ ಹೆಸರಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು, ಓದುವಾಗ ತಡವರಿಸುತ್ತಾರೆ. ಅಕ್ಕೋರು ಖಡಾಖಂಡಿತವಾಗಿ ಬೇಡ ಅಂದರು. ದೇವರ ಮಾತು ಕೇಳುವವರಿಗೆ ಸರಿಯಾಗಿ ಮುಟ್ಟಬೇಕು, ಅದು ನಮ್ಮ ಅಭ್ಯಾಸಕ್ಕೆ ಇಟ್ಟ ಪಾಠಪುಸ್ತಕ ಅಲ್ಲ ಅನ್ನುವುದು ಅವರ ವಾದ. ತೆಗೆದುಹಾಕುವ ಮಾತಲ್ಲ ಅದು. ಫಾದರ್ ನಿಧಾನಕ್ಕೆ, "ಅಕ್ಕೋರೇ, ಮೋಶೆಯ ನಾಲಿಗೆಯೂ ಅಷ್ಟು ಸಲೀಸಾಗಿ ಹೊರಳುತ್ತಿರಲಿಲ್ಲವಂತೆ" ಅಂದರು. ಅಕ್ಕೋರು ಉತ್ತರ ಕೊಡಲಿಲ್ಲ. ಮುಂದಿನ ಗುರುವಾರ ಟೆಂಪೋದವರಿಗೆ ಮನೆಗೆ ಬರಹೇಳಿದರು. ವಾರಕ್ಕೆ ಒಂದು ಗಂಟೆ ಪಾಠ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು, ಉದ್ದನೆಯ ಹೆಸರುಗಳನ್ನು ಹೇಗೆ ಒಡೆಯಬೇಕು ಅಂತ.

ಅಲ್ಲಿಂದ ಅಕ್ಕೋರು ಬದಲಾದರು ಅಂತ ನನಗನಿಸುತ್ತದೆ. ಅವರ ಕೈಯಿಂದ ಕೆಲಸ ಕಿತ್ತುಕೊಂಡಿದ್ದರೆ ಅವರು ಒಂದೇ ವರ್ಷದಲ್ಲಿ ಮುದುಕಿಯಾಗಿ ಮೂಲೆ ಸೇರುತ್ತಿದ್ದರು. ಕಲಿಸುವ ಕೆಲಸ ಕೊಟ್ಟಾಗ ಮತ್ತೆ ಅಕ್ಕೋರಾದರು.

ಇನ್ನೊಂದು ತಾಪತ್ರಯ ಲಿಪಿಯದ್ದು. ಕನ್ನಡ ಬ್ಲಾಗಿಗರಾದ ನಿಮಗೆ ಇದು ರುಚಿಸುತ್ತದೆ. ನಮ್ಮ ಪೂಜೆ ಕೊಂಕಣಿಯಲ್ಲಿ. ಗೋವಾದ ನಂಟಿರುವ ಹಳಬರು ರೋಮನ್ ಲಿಪಿಯ ಹಾಡಿನ ಪುಸ್ತಕ ಓದುತ್ತಾರೆ, ನನ್ನ ಅಪ್ಪನ ವಯಸ್ಸಿನವರು ಕನ್ನಡ ಲಿಪಿಯದನ್ನು. ಇಂಗ್ಲಿಷ್ ಮೀಡಿಯಂ ಮಕ್ಕಳು ಕನ್ನಡ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಹಾಡೇ ಮುಗಿದಿರುತ್ತದೆ! ಒಂದು ಪ್ರೋಗ್ರಾಂ ಬರೆದು ರೋಮನ್ನಿನಿಂದ ಕನ್ನಡಕ್ಕೆ ಬದಲಿಸಿಬಿಡಬಹುದಲ್ಲ ಅಂತ ಗೆಳೆಯನೊಬ್ಬ ಹೇಳಿದ. ಆಗುವುದಿಲ್ಲ. ಗೋವಾದವರು ರೋಮನ್ನಿನಲ್ಲಿ 'ಬೊರೆಂ' ಅಂತ ಬರೆದದ್ದನ್ನು ನಾವು ಕನ್ನಡದಲ್ಲಿ 'ಬರೆಂ' ಅಂತ ಬರೆಯುತ್ತೇವೆ. ಯಾವ 'ಒ' ಒಕಾರವಾಗಿಯೇ ಉಳಿಯಬೇಕು, ಯಾವುದು ಅಕಾರವಾಗಬೇಕು ಅನ್ನುವುದು ಕೊಂಕಣಿ ಬಲ್ಲ ಕಿವಿಗೇ ಗೊತ್ತು. ಅದಕ್ಕೇ ಆ ಬೈಕಿನ ಹುಡುಗರಲ್ಲಿ ಇಬ್ಬರನ್ನು ಕೂರಿಸಿಕೊಂಡು ಯುನಿಕೋಡಿನಲ್ಲಿ ಕೈಯಿಂದಲೇ ಟೈಪ್ ಮಾಡಿದೆವು. ಒಂದು ಪುಟ ಕನ್ನಡ, ಎದುರು ಪುಟ ರೋಮನ್. ಅಕ್ಕೋರು ಕೆಂಪು ಪೆನ್ನಿನಲ್ಲಿ ತಿದ್ದಿದರು. ಆ ಹುಡುಗರು ಈಗ ಹಾಡಿನ ತಂಡದಲ್ಲಿದ್ದಾರೆ. ಟೈಪ್ ಮಾಡಿ ಮಾಡಿ ಹಾಡುಗಳೆಲ್ಲ ಬಾಯಿಪಾಠವಾಗಿದ್ದವು!

ಇದನ್ನೆಲ್ಲ ನಾವೇ ಕಂಡುಹಿಡಿದೆವು ಅಂತ ಬೀಗುವ ಹಾಗಿಲ್ಲ. ಗೋವಾದ ಬಾಣಾವಳಿಯ ಜೋಸೆಫ್ ವಾಜ್ ಅನ್ನುವ ಫಾದರ್ 1681ರಿಂದ 1684ರವರೆಗೆ ನಮ್ಮ ಇದೇ ಕೆನರಾ ಕರಾವಳಿಯಲ್ಲಿ ಸೇವೆ ಮಾಡಿದವರು. ಆಮೇಲೆ 1687ರಲ್ಲಿ ವೇಷ ಮರೆಸಿಕೊಂಡು ಶ್ರೀಲಂಕಾ ಸೇರಿದರು. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿ ಕಥೋಲಿಕರಿಗೆ ಫಾದರುಗಳೇ ಇರಲಿಲ್ಲ. ಹಲವು ವರ್ಷ ಇವರೊಬ್ಬರೇ ದ್ವೀಪವಿಡೀ ಓಡಾಡಿದರು. ಒಬ್ಬರು ಎಷ್ಟು ಊರಿಗೆ ಹೋದಾರು? ಅದಕ್ಕೆ ಊರಿಗೊಬ್ಬ 'ಮುಪ್ಪು' ಅಂತ ಹಿರಿಯನನ್ನೂ, 'ಅಣ್ಣಾವಿ' ಅಂತ ಉಪದೇಶಕನನ್ನೂ ನಂಬಿ ಪ್ರಾರ್ಥನೆ, ಮಕ್ಕಳ ಪಾಠಗಳನ್ನು ಅವರ ಕೈಗೆ ಕೊಟ್ಟರು. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರಲ್ಲಿ ಕೊಲಂಬೋದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಜಪಾನಿನದು ಇನ್ನೂ ದೊಡ್ಡ ಕತೆ. 1614ರಲ್ಲಿ ಅಲ್ಲಿ ಕ್ರೈಸ್ತಧರ್ಮಕ್ಕೆ ನಿಷೇಧ ಬಂತು. ಮುಂದೆ ಒಬ್ಬ ಫಾದರೂ ಉಳಿಯಲಿಲ್ಲ. 1865ರಲ್ಲಿ ನಾಗಾಸಾಕಿಯ ಹೊಸ ಇಗರ್ಜಿಗೆ ಕೆಲವು ಹಳ್ಳಿಗರು ಬಂದು, ನಾವೂ ನಿಮ್ಮ ಧರ್ಮದವರೇ ಅಂತ ಫ್ರೆಂಚ್ ಫಾದರ್ ಒಬ್ಬರಿಗೆ ಗುಟ್ಟಾಗಿ ಹೇಳಿಕೊಂಡರು. ಏಳು ತಲೆಮಾರು ಹೇಗೆ ಉಳಿದರು? ಊರಲ್ಲಿ ಮೂರು ಕೆಲಸ ಹಂಚಿಟ್ಟುಕೊಂಡಿದ್ದರು. ಒಬ್ಬ ಹಬ್ಬದ ದಿನಗಳ ಲೆಕ್ಕ ಇಡುವವನು, ಒಬ್ಬ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವವನು, ಒಬ್ಬ ಮನೆಮನೆಗೆ ಸುದ್ದಿ ಮುಟ್ಟಿಸುವವನು. ಒಬ್ಬ ಸತ್ತರೆ ಅವನ ಜಾಗಕ್ಕೆ ಇನ್ನೊಬ್ಬ. ನಮ್ಮ ಮೂವತ್ತನಾಲ್ಕು ಕೆಲಸದ ಪಟ್ಟಿಯಲ್ಲಿ ಅವರು ಉಳಿಸಿಕೊಂಡದ್ದು ಮೂರೇ ಮೂರು, ನೋಡಿ!

ಈಗ 2024ರ ಜುಲೈಗೆ ಬರುತ್ತೇನೆ. 16ನೇ ತಾರೀಖು ಮಂಗಳವಾರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ನಿಮಗೆಲ್ಲ ಗೊತ್ತಿರುವುದೇ. ಹೆದ್ದಾರಿ 66ರ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಲ್ಲಿಸಿದ್ದ ವಾಹನಗಳು ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋದವು. ಹೊಳೆಯ ಆಚೆ ಉಳುವರೆಯ ಮನೆಗಳಿಗೂ ನೀರು ಬಡಿಯಿತು. ಕೇರಳದ ಲಾರಿ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಹೆದ್ದಾರಿ ಬಂದಾಯಿತು. ಹೊನ್ನಾವರದ ಕಡೆ ಹೋಗಿದ್ದ ನಮ್ಮ ಫಾದರ್, ಭಾನುವಾರ ಬರಲಾಗುವುದಿಲ್ಲ ಅಂತ ಶನಿವಾರ ಸಂಜೆ ಫೋನ್ ಮಾಡಿದರು. ಅಕ್ಕೋರು ಪೊರೆ ತೆಗೆಸಿಕೊಂಡು ಮಗಳ ಮನೆಯಲ್ಲಿ ಗೋವಾದಲ್ಲಿದ್ದರು. ಫಾದರೂ ಇಲ್ಲ, ಅಕ್ಕೋರೂ ಇಲ್ಲ. ಹೀಗಾದದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಆ ವಾರ ನಾನೂ ಊರಲ್ಲಿದ್ದೆ, ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಜುಲೈ 21, ಸುರಿಯುವ ಮಳೆ. ಹೊಲಿಗೆಯವರ ಹೆಂಡತಿ ಬಾಗಿಲು ತೆಗೆದಿದ್ದರು. ಗಂಟೆ ಸರಿಯಾದ ಹೊತ್ತಿಗೇ ಆಯಿತು. ಫಾದರ್ ಇಲ್ಲದೆ ಬಲಿಪೂಜೆ ಆಗುವುದಿಲ್ಲ, ಆದರೆ ವಾಚನ, ಪ್ರಾರ್ಥನೆ ಆಗಬಹುದು. ಪೆಟ್ಟಿಗೆಯಲ್ಲಿ ಇಟ್ಟಿದ್ದ ಪರಮಪ್ರಸಾದವನ್ನು ಅದಕ್ಕೆ ನೇಮಕವಾದ ಪೋಸ್ಟ್‌ಮನ್ ಹಿರಿಯರು ಹಂಚಬಹುದು. ಅಂದಿನ ವಾಚನಗಳನ್ನು ನಾವು ಆರಿಸಿದ್ದಲ್ಲ. ಲೋಕದ ಲ್ಯಾಟಿನ್ ವಿಧಿಯ ಕಥೋಲಿಕ ಇಗರ್ಜಿಗಳಿಗೆ ಸಾಮಾನ್ಯವಾಗಿ ಅಂದು ಅದೇ. ಮೊದಲನೆಯದು ಕುರಿಗಳನ್ನು ಚೆದುರಲು ಬಿಟ್ಟ ಕುರುಬರನ್ನು ಪ್ರವಾದಿ ಯೆರೆಮೀಯ ಗದರಿಸುವ ಭಾಗ. ಸುವಾರ್ತೆ, ಯೇಸು ಜನರ ಗುಂಪನ್ನು ಕಂಡು ಕುರುಬನಿಲ್ಲದ ಕುರಿಗಳ ಹಾಗಿದ್ದಾರಲ್ಲ ಅಂತ ಮರುಗುವ ಭಾಗ. ಕುರುಬರು ಹೆದ್ದಾರಿಯ ಆಚೆ ಸಿಕ್ಕಿಕೊಂಡಿದ್ದ ಭಾನುವಾರವೇ ಇದು ಬರಬೇಕೇ!

ಮೊದಲ ವಾಚನ ಟೆಂಪೋದವರದು. ತಡವರಿಸಲಿಲ್ಲ, ನಿಧಾನವಾಗಿ ಓದಿದರು. ಆಮೇಲೆ ವಿಶ್ವಾಸಿಗಳ ಪ್ರಾರ್ಥನೆ. ಕಾಗದದಲ್ಲಿ ಬರೆದದ್ದು ಓದಿ ಮುಗಿದ ಮೇಲೂ ಅವರು ಮೈಕಿನ ಮುಂದೆ ನಿಂತೇ ಇದ್ದರು. ಕೊಂಕಣಿ ಬಿಟ್ಟು ಕನ್ನಡದಲ್ಲಿ ಹೇಳಿದರು: "ಶಿರೂರಿನ ಆ ಅಂಗಡಿಯಲ್ಲಿ ನಾನು ಎಷ್ಟೋ ಸಲ ಚಹಾ ಕುಡಿದಿದ್ದೇನೆ. ಅವರ ಮಕ್ಕಳನ್ನು ನೋಡಿದ್ದೇನೆ. ದೇವರೇ, ಅವರನ್ನು ನೋಡಿಕೋ." ಅಷ್ಟೇ. ಯಾರೂ ಹೇಳಿಕೊಟ್ಟದ್ದಲ್ಲ, ಯಾವ ಪುಸ್ತಕದಲ್ಲೂ ಇಲ್ಲದ್ದು. ಎಲ್ಲರೂ ಎದ್ದು ನಿಂತರು. ಆ ಮಾತನ್ನು ಅವರ ಹೊರತು ಬೇರೆ ಯಾರೂ ಆಡಲು ಸಾಧ್ಯವಿರಲಿಲ್ಲ. ಚೆನ್ನಾಗಿ ಓದುವವರು ಮಾತ್ರ ಅಲ್ಲಿ ನಿಲ್ಲಬೇಕು ಅಂತ ಬಿಟ್ಟಿದ್ದರೆ ಅದು ನಮ್ಮ ಇಗರ್ಜಿಯೊಳಗೆ ಬರುತ್ತಲೇ ಇರಲಿಲ್ಲ. ಮುಗಿದ ಮೇಲೆ ಹುಡುಗರು ಮನೆಮನೆಯಿಂದ ಅಕ್ಕಿ, ಚಾದರ ಒಟ್ಟು ಮಾಡಿ ಉಳುವರೆಯವರಿಗೆ ಮುಟ್ಟಿಸುವ ಏರ್ಪಾಡಿಗೆ ಹೊರಟರು. ಅವರಿಗೂ ಯಾರೂ ಅಪ್ಪಣೆ ಕೊಡಬೇಕಾಗಲಿಲ್ಲ.

ಮಧ್ಯಾಹ್ನ ಅಕ್ಕೋರ ಫೋನ್. ಎಲ್ಲ ವಿವರವಾಗಿ ಹೇಳಿದೆ. ಕೇಳಿ ಸುಮ್ಮನಿದ್ದರು. ಆಮೇಲೆ, "ಪೀಠಕ್ಕೆ ಹಸಿರು ಬಟ್ಟೆಯೇ ಹಾಸಿದ್ರು ತಾನೇ?" ಅಂದರು. ಹಸಿರೇ ಹಾಸಿದ್ದರು. ಊರಿಗೆ ಮರಳಿದ ಮೇಲೆ ಚಾವಿ ವಾಪಸ್ ಕೇಳಿದರು, ಕೊಟ್ಟರು. ಮರುದಿನ ಅಂಕೋಲಾ ಪೇಟೆಗೆ ಹೋಗಿ ಅದರದ್ದೇ ಇನ್ನೆರಡು ಚಾವಿ ಮಾಡಿಸಿಕೊಂಡು ಬಂದರು. ಒಂದು ಹೊಲಿಗೆಯವರ ಮನೆಗೆ, ಒಂದು ಪೋಸ್ಟ್‌ಮನ್ನರಿಗೆ. ಹಳೆಯದು ಸೆರಗಿನ ಗಂಟಿನಲ್ಲೇ ಇದೆ!

ಎಲ್ಲ ಸರಿಹೋಗಿದೆ ಅಂದುಕೊಳ್ಳಬೇಡಿ. ಹಾಡಿನ ತಂಡದಿಂದ ಒಬ್ಬ ಹುಡುಗ ಕೆಲಸ ಸಿಕ್ಕಿ ದುಬೈಗೆ ಹೋದ, ಇನ್ನೊಬ್ಬಳು ಮದುವೆಯಾಗಿ ಮಡಗಾಂವಿಗೆ. ಹೂವಿನ ಕೆಲಸದ ಇಬ್ಬರು ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ. ನಲವತ್ತೊಂದು ಮನೆ ಮೂವತ್ತೊಂಬತ್ತಾಗಿದೆ. ಪಟ್ಟಿ ಮಾಡಿದ್ದರಿಂದ ಜನ ಹೆಚ್ಚಾಗುವುದಿಲ್ಲ. ಆದರೆ ಇಪ್ಪತ್ತಾರಿದ್ದ ಅಕ್ಕೋರ ಕೆಲಸ ಈಗ ಒಂಬತ್ತಕ್ಕೆ ಇಳಿದಿದೆ. ಉಳಿದ ಹೊತ್ತಿನಲ್ಲಿ ಅವರು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಕೂರುತ್ತಾರೆ, ಎಷ್ಟು ಹೊತ್ತು ಬೇಕಾದರೂ. ಮೊದಲು ಅದಕ್ಕೆ ಪುರುಸೊತ್ತೇ ಇರಲಿಲ್ಲ. ಅವರನ್ನು ಕೇಳಿದರೆ ಇಗರ್ಜಿ ಅಂದರೆ ನಿಜವಾಗಿ ಅದೇ ಅನ್ನುತ್ತಾರೆ.

ಒಳ್ಳೆಯ ಮುಂದಾಳು ಅಂದರೆ ಎಲ್ಲವನ್ನೂ ಚೆನ್ನಾಗಿ ಮಾಡುವವರು ಅಂತ ನಾವೆಲ್ಲ ತಿಳಿದಿರುತ್ತೇವೆ. ಅವರಿಲ್ಲದ ಒಂದು ಭಾನುವಾರ ಹೇಗೆ ನಡೆಯುತ್ತದೆ ಅನ್ನುವುದೇ ನಿಜವಾದ ಪರೀಕ್ಷೆ ಅಂತ ಈಗ ನನಗನಿಸುತ್ತದೆ. ಚಿಕ್ಕ ಗುಂಪಿಗಂತೂ ಇದು ಸೊಗಸಿನ ಮಾತಲ್ಲ, ಉಳಿವಿನ ಮಾತು.

ನಿಮ್ಮೂರಲ್ಲೂ ಒಬ್ಬ ಅಕ್ಕೋರು ಇದ್ದೇ ಇರುತ್ತಾರೆ. ದೇವಸ್ಥಾನದ ಭಜನೆ ಮಂಡಳಿಯಲ್ಲೋ, ಯಕ್ಷಗಾನ ಸಂಘದಲ್ಲೋ, ಊರ ಲೈಬ್ರರಿಯಲ್ಲೋ. ಮುಂದಿನ ಸಲ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದು ಅವರ ಹತ್ತಿರ ಕೂತು, ಏನೇನು ಮಾಡ್ತೀರಿ ಅಂತ ಕೇಳಿ ನೋಡಿ. ಪುಟ ಸಾಲದಿದ್ದರೆ ನನಗೂ ತಿಳಿಸಿ :-)